ಒಂದು ಪ್ಲೇಟ್ ಒಗ್ಗರಣಿಯ ಬಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ರಾಯದುರ್ಗದ ಬೆಟ್ಟದ ಮೇಲಿನ ಕೋಟೆಗೋಡೆ ಸದ್ಯಕ್ಕೆ ಒಂದು ಕಪ್ಪು ಗೆರೆ ಅಷ್ಟೇ. ಕೆಳಗೆ, ಜೀನ್ಸ್ ಹೊಲಿಯುವ ಘಟಕಗಳ ಸಾಲು ಮುಗಿಯುವ ಮೂಲೆಯಲ್ಲಿ, ತಳ್ಳುಬಂಡಿಯ ಮೇಲೆ ಒಂದೇ ಒಂದು ಒಲೆ ಭೋರೆಂದು ಉರಿಯುತ್ತಿದೆ. ಬನಶಂಕರಮ್ಮ ಮಂಡಕ್ಕಿ ಚೀಲದ ಬಾಯಿ ಬಿಚ್ಚಿ ದೊಡ್ಡ ಪಾತ್ರೆಯ ನೀರಿಗೆ ಸುರಿಯುತ್ತಾರೆ. ಎರಡೂ ಕೈಯಲ್ಲಿ ಅದುಮಿ ಮುಳುಗಿಸಿ, ಎತ್ತಿ, ಹಿಂಡಿ, ಪಕ್ಕದ ಬಾಂಡಲಿಗೆ ಹಾಕುತ್ತಾರೆ. ಅಲ್ಲಿ ಶೇಂಗಾ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕರಿಬೇವು, ಅರಿಶಿಣ ಎಣ್ಣೆಯಲ್ಲಿ ಚಟಪಟ ಅನ್ನುತ್ತಿವೆ. ಕೊನೆಗೆ ಮೇಲಿಂದ ಪುಟಾಣಿ ಹಿಟ್ಟು, ಅಂದರೆ ಹುರಿಗಡಲೆಯ ಪುಡಿ. ಘಮ ಅಂದರೆ ಘಮ! ವರದಿಗೆಂದು ಬಂದು ಬಸ್ಸಿಳಿದ ನನಗೆ ಯಾರನ್ನೂ ದಾರಿ ಕೇಳುವ ಅಗತ್ಯವೇ ಬಿದ್ದಿಲ್ಲ, ಮೂಗು ನೇರ ಇಲ್ಲಿಗೆ ಕರೆತಂದು ನಿಲ್ಲಿಸಿದೆ.

ಈ ಗಡಿಯೂರಿನ ಕನ್ನಡದವರಿಗೆ ಇದು ಒಗ್ಗರಣಿ, ತೆಲುಗಿನವರಿಗೆ ಉಗ್ಗಾಣಿ. ಹೆಸರು ಯಾವುದೇ ಇರಲಿ, ಜೊತೆಗೆ ಬಿಸಿ ಮಿರ್ಚಿ ಬಜ್ಜಿ ಇರಲೇಬೇಕು. ಈ ಊರಿನ ಮಿಷಿನ್ನುಗಳು ಓಡುವುದು ಕರೆಂಟಿನಿಂದ ಅಂತ ಘಟಕದ ಮಾಲೀಕರು ತಿಳಿದಿದ್ದಾರೆ. ಮಿಷಿನ್ನಿನ ಮುಂದೆ ಕೂತವರು ಓಡುವುದು ಈ ಬಂಡಿಯಿಂದ ಅನ್ನುವುದು ಬನಶಂಕರಮ್ಮನ ವಾದ. ಇಷ್ಟು ದಿನ ಆ ವಾದಕ್ಕೆ ಯಾರೂ ಅಡ್ಡ ಮಾತಾಡಿರಲಿಲ್ಲ.

ಇವತ್ತು ಭಾನುವಾರ. ಆರ್ಡರ್ ಇರುವ ಘಟಕಗಳಿಗೆ ಭಾನುವಾರವೂ ಇಲ್ಲ, ಸೋಮವಾರವೂ ಇಲ್ಲ. ಹಾಗಾಗಿ ಬಂಡಿಯೂ ಇದೆ. ಆದರೆ ಬನಶಂಕರಮ್ಮನ ಕೈ ಇವತ್ತು ಒಲೆಯ ಮೇಲೆ, ಕಣ್ಣು ಮಾತ್ರ ಸಾಲಿನ ಆಚೆಗಿನ ಸರ್ಕಾರಿ ಪ್ರೌಢಶಾಲೆಯ ಕಡೆ. ಬಿಸಿಲೇರುವ ಹೊತ್ತಿಗೆ ಆ ಶಾಲೆಯ ಅಂಗಳದಲ್ಲಿ, ಬಂದವರೆಲ್ಲರ ಕಣ್ಣೆದುರು, ಅವರ ಮಂಡಕ್ಕಿಗೆ ಬೆಂಕಿ ಹಚ್ಚಲಿದ್ದಾರೆ. ಹಚ್ಚಿ ಅಂತ ಹಟ ಹಿಡಿದು ಕೂತವರೇ ಅವರು.

"ನನ್ನ ಮಂಡಕ್ಕಿ ಗಾಳಿ ಅಂದಾರ್ರಿ. ಅನ್ನಲಿ. ನನ್ನ ಮುಂದ ಸುಟ್ಟು ತೋರಿಸಿ ಅನ್ನಲಿ. ಗಾಳಿನ ಇದ್ರ ಈ ಬಂಡಿ ಇವತ್ತ ಗುಜರಿಗೆ ಹಾಕ್ತೀನಿ," ಅನ್ನುತ್ತಾ ಬಾಂಡಲಿಯನ್ನು ಜೋರಾಗಿ ತಿರುವುತ್ತಾರೆ. ಪಕ್ಕದಲ್ಲಿ ಮಿರ್ಚಿ ಕರಿಯುತ್ತಿರುವ ಗಂಡ ಬಾಲರಾಜು ಜೀನ್ಸ್ ಘಟಕವೊಂದರಲ್ಲಿ ಕಟಿಂಗ್ ಮಾಸ್ತರ್, ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುನ್ನ ಇಲ್ಲಿ ಹೆಂಡತಿಯ ಆಳು. "ಗುಜರಿಗೆ ಹಾಕಾಕ ಬಂಡಿ ಗಾಲಿ ಒಂದ ಗಟ್ಟಿ ಐತ್ರಿ, ಉಳಿದದ್ದು ಅವರೂ ತಗಣಂಗಿಲ್ಲ," ಅನ್ನುತ್ತಾರೆ. ಹೆಂಡತಿ ಜಾರಿಗೆ, ಅಂದರೆ ಕರಿಯುವ ತೂತಿನ ಸೌಟು, ಎತ್ತಿ ತೋರಿಸಿದ ಮೇಲೆ ಮತ್ತೆ ಮಿರ್ಚಿ ಕಡೆ ತಿರುಗುತ್ತಾರೆ.

ಆಗಿದ್ದಿಷ್ಟು. ಇವರ ಮಗಳು ಮೌನಿಕಾ ಅದೇ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ, ಒಂಬತ್ತನೇ ತರಗತಿ. ಫೆಬ್ರವರಿಯ ವಿಜ್ಞಾನ ದಿನಕ್ಕೆ ಅವಳ ಗುಂಪಿಗೆ ಸಿಕ್ಕ ಪ್ರಯೋಗ, ನಾವು ತಿನ್ನುವ ಆಹಾರದಲ್ಲಿ ಎಷ್ಟು ಶಕ್ತಿ ಇದೆ ಎಂದು ಅಳೆಯುವುದು. ಕೇಳಲು ದೊಡ್ಡ ಮಾತು, ಮಾಡಲು ಮನೆಯ ಸಾಮಾನೇ ಸಾಕು. ಒಂದು ಸಣ್ಣ ಡಬ್ಬಿಯಲ್ಲಿ ಟೀ ಗ್ಲಾಸಿನಷ್ಟು ನೀರು, ಅದರಲ್ಲಿ ಥರ್ಮಾಮೀಟರು. ಡಬ್ಬಿಯ ಕೆಳಗೆ ಆಹಾರವನ್ನು ಹಿಡಿದು ಬೆಂಕಿ ಹಚ್ಚಬೇಕು. ಅದು ಪೂರ್ತಿ ಉರಿದು ಬೂದಿಯಾಗುವಷ್ಟರಲ್ಲಿ ನೀರು ಎಷ್ಟು ಡಿಗ್ರಿ ಕಾಯಿತು ಅಂತ ನೋಡಬೇಕು. ಆಹಾರದೊಳಗೆ ಅಡಗಿದ್ದ ಶಕ್ತಿ ಶಾಖವಾಗಿ ನೀರಿಗೆ ಬರುತ್ತದೆ. ನೀರು ಹೆಚ್ಚು ಕಾದರೆ ಆಹಾರದಲ್ಲಿ ಹೆಚ್ಚು ಬಲ.

ಮಕ್ಕಳು ಶೇಂಗಾ ಸುಟ್ಟರು, ನೀರು ಕುದಿಯುವ ಮಟ್ಟಕ್ಕೆ ಬಂತು. ಪುಟಾಣಿ ಸುಟ್ಟರು, ಅದೂ ಚೆನ್ನಾಗಿಯೇ ಕಾಯಿಸಿತು. ಮಂಡಕ್ಕಿ ಭಗ್ ಅಂತ ಹತ್ತಿ ಪುಸ್ ಅಂತ ಆರಿತು. ನೀರು ಆರೇ ಡಿಗ್ರಿ ಏರಿ ನಿಂತಿತು. ಮೌನಿಕಾ ಮೈಕು ಹಿಡಿದು, ನೆಟ್ಟಗೆ ನಿಂತು, ಸ್ಪಷ್ಟವಾಗಿ ಹೇಳಿದಳು: "ನಾವು ದಿನಾ ಬೆಳಿಗ್ಗೆ ತಿನ್ನುವ ಮಂಡಕ್ಕಿಯಲ್ಲಿ ಶಕ್ತಿ ಇಲ್ಲ. ಅದು ಬರೀ ಗಾಳಿ." ಚಪ್ಪಾಳೆ. ಯಾರೋ ಮೊಬೈಲಿನಲ್ಲಿ ಹಿಡಿದರು. ವಿಡಿಯೊ ಸಂಜೆಯೊಳಗೆ ಅಮ್ಮನ ಫೋನಿಗೂ ಬಂತು.

ಮುಂದಿನದನ್ನು ಬನಶಂಕರಮ್ಮನ ಬಾಯಲ್ಲೇ ಕೇಳಬೇಕು. "ನಾನ ಎಲ್ರಿಗೂ ತೋರಿಸೀನ್ರೀ! ಬಂದೋರಿಗೆಲ್ಲಾ ಫೋನ್ ಹಿಡದು, ನೋಡ್ರಿ ನನ್ನ ಮಗಳು ಮೈಕ್ ಹಿಡದಾಳ, ನೋಡ್ರಿ ಹೆಂಗ ಮಾತಾಡ್ತಾಳ ಅಂತ. ಒಲಿ ಸದ್ದಿನಾಗ ಏನ ಮಾತಾಡ್ತಾಳ ಅಂತ ನನಗೆಲ್ಲಿ ಕೇಳ್ಬೇಕು? ಮಗಳು ಸ್ಟೇಜಿನ ಮ್ಯಾಲ ಅದಾಳ, ಅದೊಂದ ಕಂಡೀತು. ಪ್ಲೇಟ್ ಕೈಯಾಗ ಹಿಡಕಂಡು ನೋಡಿದೋರು ಒಂಥರಾ ನಗ್ತಿದ್ರು. ಖುಷಿಗೆ ನಗ್ತಾರ ಅಂದ್ಕಂಡೆ."

ಹೇಳುತ್ತಾ ಅವರೇ ಬಿದ್ದು ಬಿದ್ದು ನಗುತ್ತಾರೆ. ಆಗ ಮಾತ್ರ ನಗು ಬಂದಿರಲಿಲ್ಲ. ತಮ್ಮ ಬಂಡಿಯ ಎದುರಿಗೇ ತಾವೇ ಡಂಗುರ ಸಾರಿದಂತಾಗಿತ್ತು. ಎರಡು ದಿನದಲ್ಲಿ ಸಾಲೆಲ್ಲ ಒಂದೇ ಮಾತು: "ಬೊರುಗುಲ್ಲೋ ಏಮೀ ಲೇದಂಟ." ಮಂಡಕ್ಕಿಯಲ್ಲಿ ಏನೂ ಇಲ್ಲವಂತೆ. ಒಂದು ಘಟಕದ ಸೂಪರ್‌ವೈಜರ್ ಇಡ್ಲಿ ಪಾರ್ಸೆಲ್ ತರಿಸಲು ಶುರು ಮಾಡಿದ. ಇನ್ನೊಂದು ಘಟಕದ ಹೆಂಗಸರು ಮನೆಯಿಂದಲೇ ರೊಟ್ಟಿ ಕಟ್ಟಿಕೊಂಡು ಬಂದರು. ಬಾಂಡಲಿ ಮೊದಲು ಖಾಲಿಯಾಗುತ್ತಿದ್ದ ಹೊತ್ತಿಗೂ ತುಂಬಿಯೇ ಇರತೊಡಗಿತು. ಮಿಕ್ಕಿದ್ದನ್ನು ಬೀದಿ ದನಗಳಿಗೆ ಹಾಕಿ ಬಂದ ದಿನ ಬನಶಂಕರಮ್ಮ ಮನೆಗೆ ಬಂದು ಊಟ ಮಾಡಲಿಲ್ಲ.

ಗಿರಾಕಿ ಹೋದದ್ದಕ್ಕಿಂತ ಆ ಒಂದು ಪದ ಅವರನ್ನು ಹೆಚ್ಚು ಚುಚ್ಚಿತ್ತು. ಅದಕ್ಕೆ ಕಾರಣವಿದೆ. ಬೆಳುಗುಪ್ಪದ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದ ಬನಶಂಕರಮ್ಮ ಮೊದಲು ಮಿಷಿನ್ನಿನ ಮುಂದೆಯೇ ಕೂತವರು. ಜೀನ್ಸಿನ ಪಟ್ಟಿ ಕೂಡಿಸುವ ಕೆಲಸ. ದಪ್ಪ ಬಟ್ಟೆ, ಬೆನ್ನು ಬಗ್ಗಿಸಿಯೇ ಕೂರಬೇಕು. ಬೆಳಿಗ್ಗೆ ಟೀ ಒಂದನ್ನು ಹೊಟ್ಟೆಗೆ ಹಾಕಿಕೊಂಡು ಕೂತರೆ ಏಳುವುದು ಊಟದ ಹೊತ್ತಿಗೆ. ಹಾಗೆ ಕೂತಿದ್ದ ಒಂದು ದಿನ ಕಣ್ಣು ಕತ್ತಲೆ ಬಂದು ತಲೆ ಮಿಷಿನ್ನಿಗೆ ತಾಗಿತು. ಸೂಜಿ ತೋರುಬೆರಳಿನಲ್ಲಿ ಈ ಕಡೆಯಿಂದ ಹೊಕ್ಕು ಆ ಕಡೆ ಬಂತು. ಉಗುರು ಇವತ್ತಿಗೂ ಎರಡು ಹೋಳು. ಕೇಳಿದವರಿಗೆಲ್ಲ ಸಂಕೋಚವಿಲ್ಲದೆ ತೋರಿಸುತ್ತಾರೆ.

"ಹಸಿದ ಹೊಟ್ಟಿಲೆ ಕುಂತಿದ್ದೆ, ಅದಕ್ಕ ಬಿದ್ದೆ. ಆವತ್ತ ಅಂದ್ಕಂಡೆ ನೋಡ್ರಿ, ಇಲ್ಲಿ ಯಾವ ಹೆಣ್ಮಗಳೂ ಹೊಟ್ಟಿ ಖಾಲಿ ಇಟಗಂಡು ಮಿಷಿನ್ ತುಳಿಬಾರ್ದು ಅಂತ. ಬಂಡಿ ಇಟ್ಟದ್ದು ಅದಕ್ಕ. ಈಗ ಬಂದು, ನೀ ಇಷ್ಟು ವರ್ಷ ತಿನ್ನಿಸಿದ್ದು ಗಾಳಿ ಅಂದ್ರ ಹೆಂಗ ಆಗಬಾರ್ದು ಹೇಳ್ರಿ?"

ನನ್ನ ಬಾಯಿ ತುಂಬ ಅವರದೇ ಒಗ್ಗರಣಿ. ಕೈಸನ್ನೆಯಲ್ಲೇ ಇನ್ನೊಂದು ಪ್ಲೇಟ್ ಕೇಳುತ್ತೇನೆ.

ಮಗಳನ್ನು ಅವರು ಒಂದು ಮಾತೂ ಬೈಯಲಿಲ್ಲ. ಅದೇ ಮಗಳಿಗೆ ಹೆಚ್ಚು ಕಷ್ಟವಾಯಿತಂತೆ. ಮೌನಿಕಾ ಉದ್ದ ಜಡೆಯ, ಮಾತಾಡುವಾಗ ನೆಲ ನೋಡುವ ಹುಡುಗಿ. ಮೈಕು ಹಿಡಿದರೆ ಮಾತ್ರ ಬೇರೆಯೇ. "ಬೈದಿದ್ರ ಚೊಲೋ ಇತ್ತು ಸರ್. ಅಮ್ಮ ಸುಮ್ನ ಇದ್ಲು. ನಾನೂ ಶಾಲಿಗೆ ಹೋಗೋದು ಬಿಟ್ಟು ಬೆಳಿಗ್ಗೆ ಬಂಡಿ ಹತ್ರ ಬಂದು ನಿಂತೆ. ಹಿಂಡಿ ಕೊಡ್ತೀನಿ ಅಂತ ಮಂಡಕ್ಕಿ ನೀರಿಗೆ ಹಾಕಿದೆ. ಪಾತ್ರಿ ತುಂಬಾ ಇತ್ತು. ಹಿಂಡಿದ ಮ್ಯಾಲ ಇಷ್ಟ ಆತು," ಎಂದು ಎರಡು ಬೊಗಸೆ ಕೂಡಿಸಿ ತೋರಿಸುತ್ತಾಳೆ. "ದಿನಾ ನೋಡಿದ್ದ ಸರ್, ಆದ್ರ ಆವತ್ತ ಹೊಳೀತು. ನಾವು ಚಮಚದಾಗ ಅಳದಿದ್ವಿ!"

ಇಲ್ಲೇ ಇರುವುದು ನೋಡಿ ಗುಟ್ಟು. ಮೇಷ್ಟ್ರು ಎಲ್ಲವನ್ನೂ ಒಂದೇ ತೂಕ ತೆಗೆದುಕೊಳ್ಳಿ ಎಂದು ಹೇಳಿ ಯಾವುದೋ ತರಬೇತಿಗೆ ಹೋಗಿದ್ದರು. ಶಾಲೆಯ ತಕ್ಕಡಿ ಕೆಟ್ಟಿತ್ತು. ಬೇರೆ ಮನೆಯ ಮಕ್ಕಳಾಗಿದ್ದರೆ ಮೇಷ್ಟ್ರು ಬರುವ ತನಕ ಕಾಯುತ್ತಿದ್ದರೋ ಏನೋ. ಮೌನಿಕಾ ಹುಟ್ಟಿ ಬೆಳೆದದ್ದು ಮಂಡಕ್ಕಿ ಮಾರುವವರ ಮನೆಯಲ್ಲಿ. ಅಲ್ಲಿ ಮಂಡಕ್ಕಿಯನ್ನು ಸೇರಿನಲ್ಲಿ ಅಳೆಯುತ್ತಾರೆ, ಪಾವಿನಲ್ಲಿ ಅಳೆಯುತ್ತಾರೆ, ತೂಕಕ್ಕೆ ಯಾರೂ ಹಾಕುವುದಿಲ್ಲ. ಅಮ್ಮ ಪುಟಾಣಿ ಹಿಟ್ಟು ಹಾಕುವ ಚಮಚವನ್ನೇ ಶಾಲೆಗೆ ಒಯ್ದು, ಮೇಲಿನದನ್ನು ಸವರಿ ಸಮ ಮಾಡಿ, ಎಲ್ಲವನ್ನೂ ಒಂದೊಂದು ಚಮಚ ಅಳೆದುಕೊಟ್ಟಳು. ಇಷ್ಟು ನಿಷ್ಠೆಯಿಂದ ಮಾಡಿದ ತಪ್ಪನ್ನು ನಾನಂತೂ ನೋಡಿಲ್ಲ. ಒಂದು ಚಮಚ ಶೇಂಗಾ ತೂಕದಲ್ಲಿ ಒಂದು ಚಮಚ ಮಂಡಕ್ಕಿಯ ಏಳೆಂಟು ಪಟ್ಟು. ನೀರು ಕುದಿಯದೆ ಇನ್ನೇನು ಮಾಡೀತು?

ಮೌನಿಕಾ ಕೈ ಕೂಡ ಒರೆಸಿಕೊಳ್ಳದೆ ಶಾಲೆಗೆ ಓಡಿದಳು. ಹಿಂದೆಯೇ ಜಾರಿಗೆ ಹಿಡಿದುಕೊಂಡು ಬನಶಂಕರಮ್ಮ. ವಿಜ್ಞಾನದ ಮೇಷ್ಟ್ರು ಕಿರಣ್ ಕುಮಾರ್ ಮಡಕಶಿರಾ ಕಡೆಯವರು, ಹೇಮಾವತಿ ಎಂಬ ಹಳ್ಳಿಯ ಹತ್ತಿರದ ಊರು, ಇಲ್ಲಿ ಬಾಡಿಗೆ ಕೋಣೆಯಲ್ಲಿದ್ದಾರೆ. ಆ ದಿನವನ್ನು ನೆನೆದರೆ ಈಗಲೂ ಕಿವಿ ಮುಟ್ಟಿಕೊಳ್ಳುತ್ತಾರೆ. "ಅಮ್ಮಯ್ಯ ಜಾರಿಗೆ ಹಿಡ್ಕಂಡು ಬಂದಿದ್ದು ನೋಡಿ ನಂಗೆ ಇವತ್ತು ಬಿತ್ತು ಅನ್ನಿಸ್ಬಿಡ್ತು ಕಣ್ರಿ. ತಪ್ಪು ನಂದೇ. ತರಬೇತಿ ಮುಗಿಸ್ಕಂಡು ಬಂದೋನು, ಹೆಂಗೆ ಅಳದ್ರಿ ಅಂತ ಒಂದ್ ಮಾತು ಕೇಳ್ಬೇಕಾಗಿತ್ತು. ಚಪ್ಪಾಳೆ ಸದ್ದಿಗೆ ಮರ್ತೆ. ಇನ್ನೊಂದ್ ಸಲ ಮಾಡಾಣ, ಎಲ್ರನ್ನೂ ಕರ್ದು ಮಾಡಾಣ ಅಂದೆ. ಆಮೇಲೆ ಒಂದ್ ಮಾತು ಹೇಳ್ದೆ: ಗಾಳಿ ಅಲ್ಲ ಅಂತ ಗ್ಯಾರಂಟಿ ಕೊಡಾಕಾಗಲ್ಲ, ಬೆಂಕಿ ಏನ್ ಹೇಳ್ತೈತೋ ಅದೇ. ಅಮ್ಮಯ್ಯ ಒಪ್ಕಂಡ್ರು."

ಬನಶಂಕರಮ್ಮನೂ ಒಂದು ಷರತ್ತು ಹಾಕಿದರು. ಬರೀ ಮಂಡಕ್ಕಿ ಸುಟ್ಟರೆ ಸಾಲದು. ಅವರ ಬಂಡಿಯಲ್ಲಿ ಯಾರೂ ಬರೀ ಮಂಡಕ್ಕಿ ತಿನ್ನುವುದಿಲ್ಲ. ಎಣ್ಣೆ, ಪುಟಾಣಿ ಹಿಟ್ಟು, ಶೇಂಗಾ ಎಲ್ಲ ಬಿದ್ದ ಒಗ್ಗರಣಿಯನ್ನೇ ಸುಡಬೇಕು. ಆದರೆ ಒದ್ದೆ ಒಗ್ಗರಣಿಗೆ ಬೆಂಕಿ ಹತ್ತುವುದು ಹೇಗೆ? ಮೇಷ್ಟ್ರು ಒಣಗಿಸಲು ಹೇಳಿದರು. ಹಾಗಾಗಿ ಎರಡು ದಿನದಿಂದ ಒಂದು ಪ್ಲೇಟ್ ಒಗ್ಗರಣಿ ಬನಶಂಕರಮ್ಮನ ಮನೆಯ ಮಾಳಿಗೆಯ ಮೇಲೆ, ಜೀನ್ಸ್ ಬಟ್ಟೆಯ ತುಂಡಿನ ಮೇಲೆ ಹಪ್ಪಳದ ಹಾಗೆ ಒಣಗುತ್ತಿದೆ. ಬಿಡುವಾದಾಗಲೆಲ್ಲ ಕಾಗೆ ಕಾಯಲು ಬಾಲರಾಜು.

ಹತ್ತು ಗಂಟೆ ಹೊಡೆಯುವಷ್ಟರಲ್ಲಿ ಶಾಲೆಯ ಅಂಗಳ ಮದುವೆ ಮನೆ. ಮಕ್ಕಳು, ಮಕ್ಕಳ ತಾಯಂದಿರು, ರಜೆ ಸಿಕ್ಕ ಘಟಕಗಳ ಹೆಂಗಸರು, ಇಡ್ಲಿ ತರಿಸಿದ ಸೂಪರ್‌ವೈಜರ್ ಕೂಡ. ಬೇವಿನ ಮರದ ಕೆಳಗೆ ಒಂದು ಬೆಂಚು. ಅದರ ಮೇಲೆ ಡಬ್ಬಿ, ಥರ್ಮಾಮೀಟರು, ಉದ್ದ ಹಿಡಿಯ ಸ್ಟೀಲಿನ ಟೀ ಜಾಲರಿ, ಅಕ್ಕಸಾಲಿಗರ ಅಂಗಡಿಯಿಂದ ಮೇಷ್ಟ್ರು ಕಡ ತಂದ, ಅಂಕಿ ತೋರಿಸುವ ಪುಟ್ಟ ತಕ್ಕಡಿ. ಗಾಳಿ ತಡೆಯಲು ಬಾಲರಾಜು ಎಣ್ಣೆ ಡಬ್ಬ ಕತ್ತರಿಸಿ ಮರೆ ಮಾಡಿಕೊಟ್ಟಿದ್ದಾರೆ. ಜೀನ್ಸ್ ಬಟ್ಟೆಯನ್ನು ಕತ್ತರಿಸುವ ಕೈ, ಅಂಚು ಒಂದೆಳೆ ಅತ್ತಿತ್ತ ಆಗಿಲ್ಲ. ಬನಶಂಕರಮ್ಮ ಸೀರೆ ಬದಲಿಸಿ ಬಂದಿದ್ದಾರೆ. ಮಾರಾಟ ಮಾಡಿ ಮಿಕ್ಕ ಒಗ್ಗರಣಿಯ ಬೋಗುಣಿಯನ್ನೂ ತಂದು ಬೆಂಚಿನ ಪಕ್ಕ ಇಟ್ಟಿದ್ದಾರೆ, ಬಂದವರಿಗೆ ಕೊಡಲು.

ಮೊದಲು ಶೇಂಗಾ. ಮೌನಿಕಾ ತಕ್ಕಡಿಯಲ್ಲಿ ಒಂದು ಗ್ರಾಂ ತೂಗುತ್ತಾಳೆ. ಎರಡೇ ಬೀಜ! ಬೆಂಕಿ ತಾಗಿದ ಕೂಡಲೇ ಹಳದಿ ಜ್ವಾಲೆ ಎದ್ದು ಕಪ್ಪು ಹೊಗೆ ಬಿಡುತ್ತದೆ. ಮಕ್ಕಳು ಒಂದೇ ಸ್ವರದಲ್ಲಿ ಏರಿದ ಡಿಗ್ರಿ ಎಣಿಸುತ್ತಾರೆ. ಇಪ್ಪತ್ತಮೂರು ಡಿಗ್ರಿ ಏರಿತು. ಹೊಸ ನೀರು, ಈಗ ಮಂಡಕ್ಕಿ. ತಕ್ಕಡಿಗೆ ಹಾಕುತ್ತಾಳೆ, ಹಾಕುತ್ತಾಳೆ, ಇನ್ನೂ ಹಾಕುತ್ತಾಳೆ, ಒಂದು ಗ್ರಾಂ ಆಗುವುದೇ ಇಲ್ಲ. ಕೊನೆಗೆ ಆದಾಗ ಜಾಲರಿ ತುಂಬಿ ತುದಿಯಲ್ಲಿ ಉದುರುತ್ತಿದೆ. ಪಕ್ಕದಲ್ಲಿ ಎರಡು ಶೇಂಗಾ ಬೀಜ ಇಟ್ಟು ಮೇಷ್ಟ್ರು ತೋರಿಸುತ್ತಾರೆ. ಯಾರಿಗೂ ಪಾಠ ಬೇಕಾಗುವುದಿಲ್ಲ. "ಓಹೋಹೋ!" ಅನ್ನುವ ಸದ್ದು ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ ಹೋಗುತ್ತದೆ.

ಮಂಡಕ್ಕಿ ಉರಿಯುತ್ತದೆ. ಈ ಸಲ ಪುಸ್ ಅನ್ನುವುದಿಲ್ಲ, ಒಂದು ಕಾಳಿನಿಂದ ಇನ್ನೊಂದಕ್ಕೆ ಹತ್ತುತ್ತಾ ಹೋಗುತ್ತದೆ. ಹತ್ತು, ಹನ್ನೆರಡು, ಹದಿನಾಲ್ಕು. ಹದಿನೈದಕ್ಕೆ ನಿಲ್ಲುತ್ತದೆ. ಹುಡುಗಿಯರು ಕುಣಿಯುತ್ತಾರೆ. ನಾನೂ ಬರೆಯುವುದು ಬಿಟ್ಟು ಚಪ್ಪಾಳೆ ಹೊಡೆಯುತ್ತಿದ್ದೇನೆ. ವರದಿಗಾರ ತಟಸ್ಥವಾಗಿರಬೇಕು ಅನ್ನುವವರು ಆ ಅಂಗಳದಲ್ಲಿ ಒಮ್ಮೆ ನಿಂತು ನೋಡಬೇಕು.

ಬನಶಂಕರಮ್ಮ ಮಾತ್ರ ನಗುತ್ತಿಲ್ಲ. "ಅದು ಹುರದು ಮಾರೋ ಭಟ್ಟಿಯೋರ ಮಂಡಕ್ಕಿ. ನಂದು ಇನ್ನ ಐತಿ," ಅನ್ನುತ್ತಾರೆ.

ಒಣಗಿಸಿದ ಒಗ್ಗರಣಿಯನ್ನು ಒಂದು ಗ್ರಾಂ ತೂಗಿ ಜಾಲರಿಗೆ ಹಾಕಿ ಬೆಂಕಿ ಹಿಡಿಯುತ್ತಾರೆ. ಹತ್ತುವುದಿಲ್ಲ. ಇನ್ನೊಂದು ಕಡ್ಡಿ. ಹೊಗೆಯಾಡಿ ಆರುತ್ತದೆ. ಮತ್ತೊಂದು ಕಡ್ಡಿ. ಸಿಂವ್ ಅಂದು ಸುಮ್ಮನಾಗುತ್ತದೆ. ಸೂಪರ್‌ವೈಜರ್ ಪಕ್ಕದವನ ಕಿವಿಯಲ್ಲಿ ಏನೋ ಹೇಳಿ ಹಲ್ಲು ಬಿಡುತ್ತಾನೆ. ಮೌನಿಕಾಳ ಮುಖ ಸಣ್ಣದಾಗಿದೆ. ಎಲ್ಲರೆದುರು ಮತ್ತೊಂದು ಸಲ ಅಮ್ಮನ ಅಡುಗೆಯನ್ನು ಕೆಳಗೆ ಹಾಕಲು ತಾನೇ ಕಾರಣವಾಗುತ್ತೇನೋ ಎಂಬ ಹೆದರಿಕೆ ಅಲ್ಲಿ ಬರೆದಿಟ್ಟಂತೆ ಕಾಣುತ್ತದೆ.

ಬನಶಂಕರಮ್ಮ ಎದ್ದು ಬಂದು ಮಿಕ್ಕ ಒಣಗಿದ್ದರಲ್ಲಿ ಒಂದಿಷ್ಟನ್ನು ಬೆರಳಲ್ಲಿ ತಿಕ್ಕಿ ನೋಡುತ್ತಾರೆ. "ಉಳ್ಳಾಗಡ್ಡಿ ಒಣಗಿಲ್ಲ. ಮೆತ್ತಗ ಐತಿ." ಆ ಮಾತು ಕೇಳಿದ ಮೇಷ್ಟ್ರು ಬಿಸಿಯೂಟದ ಅಡುಗೆಮನೆಯಿಂದ ಹೆಂಚು ತರಿಸುತ್ತಾರೆ. ಹೆಂಚನ್ನು ಕಾಯಿಸಿ, ಒಲೆಯಿಂದ ಇಳಿಸಿ, ಅದರ ಮೇಲೆ ಒಗ್ಗರಣಿಯನ್ನು ಹರವುತ್ತಾರೆ. ಸೀದರೆ ಬಲ ಇಲ್ಲೇ ಹೋಗುತ್ತದೆ, ಬರೀ ನೀರು ಆರಬೇಕು. ಅಂಗಳದ ಕಣ್ಣೆಲ್ಲ ಆ ಹೆಂಚಿನ ಮೇಲೆ. ಮುಟ್ಟಿದರೆ ಗರಗರ ಅನ್ನುವಂತಾದ ಮೇಲೆ ಹೊಸದಾಗಿ ಒಂದು ಗ್ರಾಂ ತೂಗುತ್ತಾರೆ.

ಕಡ್ಡಿ ಗೀರುತ್ತದೆ. ಹತ್ತಿತು! ಎಣ್ಣೆ ಕುಡಿದ ಒಗ್ಗರಣಿ, ಶೇಂಗಾದ ಹಾಗೇ ಹಳದಿ ಜ್ವಾಲೆ ಬಿಡುತ್ತಾ ಉರಿಯುತ್ತದೆ. ಅಂಗಳದ ತುಂಬ ಸುಟ್ಟ ಕರಿಬೇವಿನ ವಾಸನೆ. ಮಕ್ಕಳ ಎಣಿಕೆ ಕೂಗಾಗುತ್ತದೆ. ಹನ್ನೆರಡು! ಹದಿನಾಲ್ಕು! ಹದಿನೈದು ದಾಟುವಾಗ ಕಿರುಚಾಟ. ಹದಿನಾರು, ಹದಿನೇಳು. ಕೊನೆಯ ಕಿಡಿ ಆರುವಾಗ ಪಾದರಸ ಹದಿನೆಂಟು ಡಿಗ್ರಿ ಮೇಲೇರಿ ನಿಂತಿದೆ. ಬಾಲರಾಜು ಎಣ್ಣೆ ಡಬ್ಬದ ಮರೆಯನ್ನೇ ತಮಟೆ ಮಾಡಿಕೊಂಡಿದ್ದಾರೆ.

ಒಣಗಿದ ಪ್ಲೇಟಿನ ಒಟ್ಟು ತೂಕ ಹಿಡಿದು ಮೇಷ್ಟ್ರು ಲೆಕ್ಕ ಬಿಡಿಸುತ್ತಾರೆ. ನಮ್ಮ ಡಬ್ಬಿ ಪ್ರಯೋಗದಲ್ಲಿ ಅರ್ಧಕ್ಕಿಂತ ಹೆಚ್ಚು ಶಾಖ ಗಾಳಿಗೆ, ಡಬ್ಬಿಗೆ ಸೋರಿಹೋಗುತ್ತದೆ, ಹಾಗಾಗಿ ಇದು ಕರಾರುವಾಕ್ಕು ಲೆಕ್ಕವಲ್ಲ. ಆದರೆ ಒಂದರ ಪಕ್ಕ ಒಂದನ್ನಿಟ್ಟು ಹೋಲಿಸಲು ಸಾಕು. "ಒಂದ್ ಪ್ಲೇಟ್ ಒಗ್ಗರಣೆ ಅಂದ್ರೆ ಹತ್ತತ್ರ ಎರಡು ಹಿಡಿ ಶೇಂಗಾ ತಿಂದಂಗೆ. ಬೆಳಿಗ್ಗೆ ತಿಂಡಿಗೆ ಇದೇನು ಕಮ್ಮಿ ಅಲ್ಲ ಕಣ್ರಪ್ಪ. ಬರೀ ಇದನ್ನೇ ತಿನ್ರಿ ಅಂತಾನೂ ಅಲ್ಲ, ಹಣ್ಣು, ಮೊಟ್ಟೆ, ಸೊಪ್ಪು ಎಲ್ಲಾ ಬೇಕು. ಗಾಳಿ ಮಾತ್ರ ಅಲ್ಲ!"

ಈಗ ಮೈಕು ಮೌನಿಕಾಳ ಕೈಗೆ. ಹುಡುಗಿ ನೆಲ ನೋಡುತ್ತಾಳೆ, ಅಮ್ಮನನ್ನು ನೋಡುತ್ತಾಳೆ, ಆಮೇಲೆ ತಲೆ ಎತ್ತುತ್ತಾಳೆ. "ವಿಜ್ಞಾನ ದಿನದಂದು ನಾನು ಮಂಡಕ್ಕಿ ಗಾಳಿ ಅಂತ ಹೇಳಿದ್ದೆ. ತೂಗೋದನ್ನು ಬಿಟ್ಟು ಚಮಚದಲ್ಲಿ ಅಳೆದಿದ್ದೆ. ಅದು ನನ್ನ ತಪ್ಪು. ಮಂಡಕ್ಕಿಯಲ್ಲಿ ಬಲ ಇದೆ. ನಮ್ಮ ಅಮ್ಮನ ಒಗ್ಗರಣಿಯಲ್ಲಿ ಇನ್ನೂ ಹೆಚ್ಚು ಇದೆ." ಬನಶಂಕರಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಹೊಗಿ ರೀ, ಹೊಗಿ," ಅನ್ನುತ್ತಾರೆ. ಹೊಗೆ ಯಾವಾಗಲೋ ಚದುರಿ ಹೋಗಿದೆ. ಸೂಪರ್‌ವೈಜರ್ ಮುಂದೆ ಬಂದು, ನಾಳೆಯಿಂದ ತಮ್ಮ ಘಟಕಕ್ಕೆ ಮೊದಲಿನಂತೆ ಒಗ್ಗರಣಿ ಕಳಿಸಿ ಎಂದು ಹೇಳಿ ಹೋಗುತ್ತಾನೆ.

ಇಲ್ಲಿಗೆ ಮುಗಿಯಬೇಕಿತ್ತು. ಬರೆದುಕೊಂಡು ಹೋಗಲು ನನಗೂ ಅಷ್ಟೇ ಸಾಕಿತ್ತು. ಆಗ ಗುಂಪಿನಿಂದ ಓಬಳಮ್ಮ ಕೈ ಎತ್ತುತ್ತಾರೆ. ಘಟಕದಲ್ಲಿ ಗುಂಡಿ ಕೂಡಿಸುವ ಕೆಲಸದ ಹೆಂಗಸು, ಬಂಡಿಯ ಹಳೇ ಗಿರಾಕಿ, ಮಂಡಕ್ಕಿ ಗಾಳಿ ಅಂತ ಊರೆಲ್ಲ ಅಂದಾಗಲೂ ಬಂಡಿ ಬಿಡದೆ ಬಂದವರು.

"ಸರ್, ನಾನು ದಿನಾ ಅರ್ಧ ಪ್ಲೇಟ್ ತಿಂತೀನ್ರಿ. ನಮ್ಮ ಕಡಿ ಬಾಳ ಮಂದಿ ಅರ್ಧಾನ ತಿಂತಾರ. ನನಗ ಒಂದು ಹಿಡಿ ಶೇಂಗಾದಷ್ಟು ಬಲ ಬರ್ತೈತಿ ಅಂತಾತು. ಆದ್ರ ಹನ್ನೊಂದು ಗಂಟಿಗೆ ಕೈ ನಡುಗಾಕ ಹತ್ತತಾವ. ಯಾಕ್ರೀ?"

ಮೇಷ್ಟ್ರು ತಲೆ ಕೆರೆದುಕೊಳ್ಳುತ್ತಾರೆ. ಅದಕ್ಕೆ ಹತ್ತು ಕಾರಣ ಇರಬಹುದು, ಆಸ್ಪತ್ರೆಗೆ ಒಮ್ಮೆ ತೋರಿಸಿ ಅನ್ನುತ್ತಾರೆ. ಬನಶಂಕರಮ್ಮ ಸೆರಗು ಸಿಕ್ಕಿಸುತ್ತಾರೆ. ಬೋಗುಣಿಯ ಮುಂದೆ ಹೋಗಿ ಕೂರುತ್ತಾರೆ. ಒಂದು ಫುಲ್ ಪ್ಲೇಟ್ ಹಾಕಿ ಮಗಳಿಗೆ ಕೊಡುತ್ತಾರೆ. "ತೂಗು." ಪ್ಲೇಟಿನ ತೂಕ ಕಳೆದು ಇನ್ನೂರೈವತ್ತು ಗ್ರಾಂ. ಆಮೇಲೆ ಸಣ್ಣ ದೊನ್ನೆ ತೆಗೆದುಕೊಂಡು, ದಿನಾ ಹಾಕುವ ಹಾಗೇ, ಕೈ ಸಡಿಲ ಬಿಟ್ಟು ಅರ್ಧ ಪ್ಲೇಟ್ ಹಾಕುತ್ತಾರೆ. ದೊನ್ನೆ ತುಂಬಿ ಮೇಲೆ ಗೋಪುರವಾಗಿದೆ, ಕಣ್ಣಿಗೆ ಫುಲ್ ಪ್ಲೇಟಿಗಿಂತ ಭರ್ಜರಿ. "ಇದನ್ನೂ ತೂಗು."

"ಬ್ಯಾಡ ಬಿಡಮ್ಮ," ಅನ್ನುತ್ತಾಳೆ ಮೌನಿಕಾ. ಅವಳಿಗೆ ತಿಳಿದುಹೋಗಿದೆ.

"ತೂಗು ಅಂದ್ನಲ್ಲ."

ಎಂಬತ್ತೆಂಟು ಗ್ರಾಂ.

ಅರ್ಧ ಅಂದರೆ ನೂರಿಪ್ಪತ್ತೈದು ಆಗಬೇಕಿತ್ತು. ಓಬಳಮ್ಮ ನನ್ನಿಂದ ತಪ್ಪಾಯಿತು ಅನ್ನುವಂತೆ ಹಿಂದೆ ಸರಿಯುತ್ತಾರೆ. ಈಗ ತಾನೇ ಗೆದ್ದ ಹೆಂಗಸು, ಇಡೀ ಅಂಗಳದ ಎದುರು, ಆ ಅಂಕಿಯನ್ನೇ ನೋಡುತ್ತಾ ಕೂತಿದ್ದಾರೆ. ಬಯ್ಯುತ್ತಾರೋ, ತಕ್ಕಡಿ ಸರಿಯಿಲ್ಲ ಅನ್ನುತ್ತಾರೋ, ಎದ್ದೇ ಹೋಗುತ್ತಾರೋ ಅಂತ ನಾನು ಕಾಯುತ್ತಿದ್ದೇನೆ.

"ಮಗಳು ಚಮಚದಾಗ ಅಳದ್ಲು ಅಂತ ಅಂದ್ವಿ," ಅನ್ನುತ್ತಾರೆ ಬನಶಂಕರಮ್ಮ, ಎಲ್ಲರಿಗೂ ಕೇಳುವಂತೆ. "ನಾನು ಇಷ್ಟು ವರ್ಷ ಕಣ್ಣಾಗ ಅಳದೀನಿ. ದೊನ್ನಿ ತುಂಬೇತಿ, ಸಾಕು ಅಂದ್ಕಂಡು ಕೊಟ್ಟೀನಿ. ಒಬ್ರೂ ಕೇಳಲಿಲ್ಲ."

ದೊನ್ನೆಯನ್ನು ತಕ್ಕಡಿಯ ಮೇಲೇ ಬಿಟ್ಟು, ಸೌಟಿನಿಂದ ಒಗ್ಗರಣಿ ಹಾಕುತ್ತಾರೆ. ನೂರು. ಅಂಗೈಯಲ್ಲಿ ಅದುಮಿ ಮತ್ತೆ ಹಾಕುತ್ತಾರೆ. ನೂರಹತ್ತು. ದೊನ್ನೆ ತುಂಬಿ ಬೆಂಚಿನ ಮೇಲೆ ಉದುರುತ್ತದೆ, ಉದುರಿದ್ದನ್ನು ಎತ್ತಿ ಮೇಲಿಡುತ್ತಾರೆ. ನೂರಿಪ್ಪತ್ತೈದಕ್ಕೆ ಬಂದಾಗ ಮೌನಿಕಾ, "ಸಾಕಮ್ಮ, ಆತು," ಅನ್ನುತ್ತಾಳೆ. ಬನಶಂಕರಮ್ಮ ಅದರ ಮೇಲೆ ಇನ್ನೊಂದು ಚಿಟಿಕೆ ಪುಟಾಣಿ ಹಿಟ್ಟು ಉದುರಿಸಿ, ದೊನ್ನೆಯನ್ನು ಎರಡೂ ಕೈಯಲ್ಲಿ ಎತ್ತಿ, ಹಿಂದೆ ಸರಿದಿದ್ದ ಓಬಳಮ್ಮನ ಹತ್ತಿರ ತಾವೇ ನಡೆದು ಹೋಗುತ್ತಾರೆ.

"ತಗ. ನಾಳಿಂದ ನನ್ನ ಬಂಡ್ಯಾಗ ಅರ್ಧ ಅಂದ್ರ ಅರ್ಧ ಇರ್ತೈತಿ. ಕುಂದ್ರು, ನನ್ನ ಮುಂದ ತಿನ್ನು."